ನಿಲ್ಲದ ಒಂದು ಸಾಲು

ಅದೇ ಲೋಟವನ್ನು ಮೂರನೆಯ ಸಲ ಉಜ್ಜುತ್ತಿದ್ದೆ. ಬೂದಿ, ತೆಂಗಿನ ನಾರು, ನೀರು, ಮತ್ತೆ ಬೂದಿ. ತೊಳೆದು ಬೋರಲು ಹಾಕಿ ಇನ್ನೊಂದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಮೊದಲನೆಯದರ ಅಂಚಿನ ಸುತ್ತ ಟೀ ಕಲೆ ಮತ್ತೆ ಬಳೆಯ ಹಾಗೆ ಮೂಡಿ ಕೂತಿರುತ್ತಿತ್ತು. ನಮ್ಮೂರಲ್ಲಿ ಇದಕ್ಕೆ ಯಾರೂ ಬೆಚ್ಚುವುದಿಲ್ಲ. ಮನಸ್ಸನ್ನು ಬೇರೆಲ್ಲೋ ಇಟ್ಟು ಮಾಡಿದ ಕೆಲಸ ಇಲ್ಲಿ ನಿಲ್ಲುವುದಿಲ್ಲ. ಉಜ್ಜಿದ ಪಾತ್ರೆ ಜಿಡ್ಡಾಗುತ್ತದೆ, ಬೆಂದ ಅನ್ನ ತಟ್ಟೆಗೆ ಬೀಳುವ ಹೊತ್ತಿಗೆ ಅಕ್ಕಿಯಾಗಿರುತ್ತದೆ, ಹೊಲಿದ ಗುಂಡಿ ಬಿಚ್ಚಿಕೊಳ್ಳುತ್ತದೆ. ಮತ್ತೆ ಮಾಡಬೇಕು, ಅಷ್ಟೆ. ಆದರೆ ನಾನು ಎಪ್ಪತ್ತು ವರ್ಷದವಳು. ಮದುವೆ ಮನೆಗಳಲ್ಲಿ "ಹೊಂಬಾಳಮ್ಮ ತೊಳೆದರೆ ಒಂದೇ ಸಲ" ಅನ್ನಿಸಿಕೊಂಡವಳು. ಆರು ಲೋಟಕ್ಕೆ ಅರ್ಧ ಬೆಳಿಗ್ಗೆ ಕಳೆದಿದ್ದೆ.

ಲೋಟಗಳು ನನ್ನ ಮನೆಯವಲ್ಲ. ಪೇಟೆ ಬೀದಿಯ ಹಳೆಯ ಛತ್ರದಲ್ಲಿ ಎರಡು ಕೋಣೆ ಹಿಡಿದಿರುವ ಮನಸ್ಸಿನ ಡಾಕ್ಟರು, ತಸ್ನೀಮ್ ಅನ್ನುವವರು, ಅವರ ಆಸ್ಪತ್ರೆಯವು. ಆಸ್ಪತ್ರೆ ಅಂದರೆ ಅಲ್ಲಿ ಮಂಚವಿಲ್ಲ, ಸೂಜಿಯಿಲ್ಲ. ಒಂದು ಮೇಜು, ಒಂದು ದೊಡ್ಡ ಚಾಪೆ, ಆರು ಲೋಟ. ಎರಡು ವರ್ಷದಿಂದ ಅಲ್ಲಿ ಕಸ ಗುಡಿಸಿ, ಚಾಪೆ ಹಾಸಿ, ಬಂದವರಿಗೆ ಟೀ ಕಾಯಿಸಿ ಕೊಡುವುದು ನನ್ನ ಕೆಲಸ.

ಟೈಲರ್ ಗುರುಪಾದ ಅವತ್ತು ಎಲ್ಲರಿಗಿಂತ ಮೊದಲು ಬಂದು ನಲ್ಲಿಯ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತ.

"ಏನಕ್ಕ, ಲೋಟದ ಜೊತೆ ಜಗಳಾನಾ?"

"ಸುಮ್ನೆ ಒಳಗೆ ಹೋಗಿ ಕೂತ್ಕೊ."

"ಹತ್ತು ದಿನದಿಂದ ನೋಡ್ತಾ ಇದೀನಿ. ನಿನ್ನೆ ನೀನು ಕೊಟ್ಟ ಟೀ ನನ್ನ ಬಾಯಿಗೆ ಬರೋ ಹೊತ್ಗೆ ಬರೀ ಬಿಸಿನೀರು. ಎಲ್ಲಿಗೆ ಹೋಗಿದೀಯ?"

ಎದುರಿಗೆ ನಿಂತವರನ್ನು ಎಲ್ಲಿಗೆ ಹೋಗಿದ್ದೀಯ ಎಂದು ಕೇಳುವುದು ನಮ್ಮೂರಲ್ಲಿ ಉಂಡೆಯಾ ಎಂದು ಕೇಳಿದ ಹಾಗೆ. ನಾನು ಇನ್ನೊಂದು ಲೋಟ ಎತ್ತಿಕೊಂಡೆ. ಹತ್ತು ದಿನದ ಹಿಂದೆ ಬಂದ ಕಾಗದ ಸೊಂಟದ ಎಲೆಯಡಿಕೆ ಚೀಲದಲ್ಲಿತ್ತು. ಅದನ್ನು ಬರೆದವಳು ನನ್ನ ತಂಗಿ ದುಂಡಮ್ಮನ ಮಗಳು ಮಧುಮತಿ. ನಾನು ಆ ಹುಡುಗಿಯನ್ನು ಕಣ್ಣಿಂದ ನೋಡಿಲ್ಲ.

"ದೊಡ್ಡಮ್ಮ, ನನಗೆ ಮುಂದಿನ ತಿಂಗಳು ಇಪ್ಪತ್ತಕ್ಕೆ ದಿನ ಹೇಳಿದ್ದಾರೆ. ಬಾಣಂತನಕ್ಕೆ ಅವ್ವ ಬರುವುದಿಲ್ಲ ಅನ್ನುತ್ತಿದ್ದಾಳೆ. ನನ್ನ ಕೈ ಮಗುವಿಗೆ ಆಗಿಬರುವುದಿಲ್ಲ, ನಾನು ತೊಟ್ಟಿಲು ಮುಟ್ಟುವವಳಲ್ಲ ಎಂದು ಅಳುತ್ತಾಳೆ. ನಾನು ಹುಟ್ಟಿದಾಗಲೂ ನನ್ನನ್ನು ತೊಟ್ಟಿಲಿಗೆ ಹಾಕದೆ ನೆಲದ ಮೇಲೇ ಮಲಗಿಸಿದ್ದಳಂತೆ. ಯಾಕೆ ಎಂದು ಹೇಳುವುದಿಲ್ಲ. ನನಗೆ ಬೇರೆ ಯಾರೂ ಇಲ್ಲ. ನೀವು ಹೇಳಿದರೆ ಕೇಳುತ್ತಾಳೆ. ಏನಾದರೂ ಬರೆಯಿರಿ."

ಏನು ಬರೆಯಬೇಕೆಂದು ನನಗೆ ಗೊತ್ತು. ಮೂವತ್ತನಾಲ್ಕು ವರ್ಷದಿಂದ ಗೊತ್ತು. ಅದು ಒಂದೇ ಒಂದು ಸಾಲು. ಬರೆದರೆ ನಿಲ್ಲುವುದಿಲ್ಲ.

ನಮ್ಮೂರಲ್ಲಿ ನಿಲ್ಲಲೇಬೇಕಾದ ಕೆಲಸವನ್ನು ಯಾರೂ ಒಬ್ಬರೇ ಮಾಡುವುದಿಲ್ಲ. ಬಾವಿಯ ಹಗ್ಗ ಕಟ್ಟುವಾಗ, ತಾಳಿಗೆ ಗಂಟು ಹಾಕುವಾಗ, ಸೂರಿಗೆ ತೊಲೆ ಏರಿಸುವಾಗ ಪಕ್ಕದಲ್ಲಿ ಒಬ್ಬರು ನಿಂತು "ಇದ್ದೀಯಾ?" ಎಂದು ಕೇಳಬೇಕು. ಮಾಡುವವರು ತಮ್ಮೊಳಗೆ ನೋಡಿಕೊಂಡು "ಇದ್ದೀನಿ" ಅನ್ನಬೇಕು. ಇಲ್ಲದಿದ್ದರೆ "ಇಲ್ಲ, ತಡಿ" ಅನ್ನಬೇಕು. ಅದರಲ್ಲಿ ನಾಚಿಕೆಯಿಲ್ಲ. ಮುಹೂರ್ತ ಮೀರುತ್ತಿದ್ದರೂ ಮದುವೆ ಗಂಡು "ಇಲ್ಲ, ತಡೀರಿ" ಅಂದಿದ್ದನ್ನು ನಾನೇ ನೋಡಿದ್ದೇನೆ. ಇಡೀ ಚಪ್ಪರ ಬಾಯಿ ಮುಚ್ಚಿಕೊಂಡು ಕಾದಿತ್ತು. ತೊಟ್ಟಿಲಿನದೂ ಹಾಗೆಯೇ. ತೊಲೆಗೆ ಹಗ್ಗ ಬಿಗಿದು, ಅದಕ್ಕೆ ಹಳೆ ಸೀರೆಯ ಜೋಲಿ ಇಳಿಬಿಟ್ಟು, ತಾಯಿ ಗಂಟು ಹಾಕಬೇಕು, ಇನ್ನೊಬ್ಬರು ಕೇಳಬೇಕು.

ದುಂಡಿಗೆ ಆಗ ಇಪ್ಪತ್ತೆರಡು. ಗಂಡುಮಗು, ಮೂರು ತಿಂಗಳದ್ದು. ನಾನು ಗಂಡ ಸತ್ತು ತವರಿಗೆ ಬಂದು ಕೂತವಳು. ಅವ್ವ ಇರಲಿಲ್ಲ, ಬಾಣಂತನ ಮಾಡುತ್ತಿದ್ದವಳು ನಾನೇ. ಆಗ ತಾನೇ ರಾತ್ರಿ ಶಾಲೆಗೆ ಸೇರಿ ನಾಲ್ಕು ತಿಂಗಳಾಗಿತ್ತು. ಆ ದಿನ ಬೆಳಿಗ್ಗೆ ದುಂಡಿ ತೊಟ್ಟಿಲ ಗಂಟು ಹಾಕಿದಳು. ನಾನು ಕೇಳಿದೆ, ಅವಳು ಇದ್ದೀನಿ ಅಂದಳು. ಇದ್ದಳು ಕೂಡ. ಮಧ್ಯಾಹ್ನ ಮಗು ಜೋಲಿಯನ್ನು ಒದ್ದೆ ಮಾಡಿತು. ದುಂಡಿ ನಿದ್ದೆಯಲ್ಲಿದ್ದಳು. ಬಾಣಂತಿ, ಎಬ್ಬಿಸುವುದು ಯಾಕೆ ಎಂದು ನಾನೇ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಗಂಟು ಬಿಚ್ಚಿ, ಒಣಗಿದ ಸೀರೆ ಹಾಕಿ, ಮತ್ತೆ ಗಂಟು ಹಾಕಿದೆ. ಕೇಳುವವರು ಯಾರೂ ಇರಲಿಲ್ಲ. ನನ್ನನ್ನು ನಾನೇ ಕೇಳಿಕೊಂಡೆ. ನಾನೇ ಇದ್ದೀನಿ ಅಂದುಕೊಂಡೆ.

ಬಾಯಿ ಅಂದಿತು. ನಾನು ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗಂಟು ಸದ್ದಿಲ್ಲದೆ ಬಿಚ್ಚಿಕೊಂಡಿತು. ಬಿದ್ದ ಮಗು ಮೂರು ದಿನ ಬದುಕಿತ್ತು. ನಾಲ್ಕನೆಯ ದಿನ ದುಂಡಿಯ ಅತ್ತೆ ಮನೆಯವರು ಬಂದು ಜಗಲಿಯ ಮೇಲೆ ಕೂತರು. ಅತ್ತೆ ಕೇಳಿದ್ದು ಎರಡೇ ಮಾತು.

"ಗಂಟು ಹಾಕಿದ್ದು ಯಾರು?"

"ನಾನೇ," ಅಂದಳು ದುಂಡಿ.

"ಕೇಳಿದ್ದು ಯಾರು?"

ಎಲ್ಲರೂ ನನ್ನ ಕಡೆ ತಿರುಗಿದರು. "ನಾನು ಕೇಳ್ದೆ. ಇದ್ದೀನಿ ಅಂದ್ಲು," ಅಂದೆ.

ಸುಳ್ಳಲ್ಲ. ಬೆಳಗಿನ ಮಾತು ಅದು. ಮಧ್ಯಾಹ್ನದ ಮಾತು ನಾಲಿಗೆಯ ಹಿಂದೆಯೇ ಉಳಿಯಿತು. ನಾಳೆ ಹೇಳೋಣ ಅಂದುಕೊಂಡೆ. ಆ ನಾಳೆಗೆ ಅತ್ತೆ ಮನೆಯವರು ಅವಳ ಪೆಟ್ಟಿಗೆಯನ್ನು ನಮ್ಮ ಬಾಗಿಲಿಗೆ ತಂದು ಇಳಿಸಿದ್ದರು. ಅದರ ಮರುದಿನ ದುಂಡಿ ಆ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದಳು. ಗುಡ್ಡದಾಚೆಯ ಊರೊಂದರ ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿ, ಅಲ್ಲೇ ಇನ್ನೊಂದು ಮದುವೆಯಾಗಿ, ಆ ಗಂಡ ತೀರಿಕೊಂಡು, ಈಗ ಅಲ್ಲೇ ಇದ್ದಾಳೆ. ಗುಡ್ಡದಾಚೆ ಮನಸ್ಸು ಎಲ್ಲಿಟ್ಟು ಗಂಟು ಹಾಕಿದರೂ ನಿಲ್ಲುತ್ತದಂತೆ. ಆದರೂ ಅವಳು ತನ್ನ ಕೈಯನ್ನು ನಂಬಲಿಲ್ಲ.

ನಾನು ಒಂದು ವರ್ಷ ರಾತ್ರಿ ಶಾಲೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಮತ್ತೆ ಹೋದೆ, ಈ ಒಂದು ಸಾಲು ಬರೆಯಲಿಕ್ಕೆಂದೇ. ಏಳನೆಯ ತರಗತಿ ಪಾಸು ಮಾಡಿದೆ. ಮೇಷ್ಟ್ರು ನನ್ನ ಕೈಬರಹವನ್ನು ಬೇರೆಯವರಿಗೆ ತೋರಿಸುತ್ತಿದ್ದರು. ಆದರೆ ದುಂಡಿಗೆ ಬರೆದ ಕಾಗದದಲ್ಲಿ "ನಾನು ಕ್ಷೇಮ, ನೀನು ಕ್ಷೇಮವೇ" ಅನ್ನುವುದು ನಿಲ್ಲುತ್ತಿತ್ತು. ಅದರ ಕೆಳಗಿನದು ಬೆಳಗಾಗುವಷ್ಟರಲ್ಲಿ ಬಿಳಿಯಾಗಿರುತ್ತಿತ್ತು. ಹದಿನೇಳು ಸಲ ಬರೆದಿದ್ದೇನೆ. ಫೋನು ಬಂದ ಮೇಲೆ ಫೋನೂ ಮಾಡಿದೆ. ಉಂಡೆಯಾ ಎಂದು ಕೇಳಿ, ಉಂಡೆ ಅಂದಮೇಲೆ ಇಟ್ಟೆ. ಆಮೇಲೆ ಪ್ರಯತ್ನವನ್ನೂ ಬಿಟ್ಟು ಪಾತ್ರೆ ತೊಳೆಯುವುದಕ್ಕೆ ನನ್ನನ್ನು ಕೊಟ್ಟುಕೊಂಡೆ. ಪಾತ್ರೆಯಲ್ಲಿ ಪೂರ್ತಿ ಇದ್ದೆ. ಎಷ್ಟು ಪೂರ್ತಿ ಅಂದರೆ ಬೇರೆ ಎಲ್ಲೂ ಇರಲಿಲ್ಲ.

ಗುರುಪಾದನೂ ಅಂಥವನೇ. ಹೆಂಡತಿ ತೀರಿಕೊಂಡಮೇಲೆ ದಿನಕ್ಕೆ ಹದಿನಾಲ್ಕು ಗಂಟೆ ಮಷಿನ್ನಿನ ಮುಂದೆ ಕೂತ. ಅವನ ಹೊಲಿಗೆ ಎಂಥದ್ದಾಯಿತು ಅಂದರೆ ಬ್ಲೇಡು ಹಾಕಿದರೂ ಬಿಚ್ಚಲು ಆಗುತ್ತಿರಲಿಲ್ಲ. ದಪ್ಪಗಾದವರು, ಸಣ್ಣಗಾದವರು ಅಂಗಿ ಸರಿಮಾಡಿಸಿಕೊಳ್ಳಲು ಬಂದು ಬೈದುಕೊಂಡು ಹೋಗುತ್ತಿದ್ದರು. ಕೊನೆಗೆ ಅವನಿಗೆ ಮಷಿನ್ನಿನಿಂದ ಎದ್ದು ಮನೆಗೆ ಹೋಗುವುದಕ್ಕೇ ಆಗದೆ, ಅಂಗಡಿಯಲ್ಲೇ ಕೂತ ಮೇಲೆ, ಅಕ್ಕಪಕ್ಕದವರು ಕರೆತಂದು ಚಾಪೆಯ ಮೇಲೆ ಬಿಟ್ಟರು.

ಡಾಕ್ಟರಮ್ಮ ಬಂದ ಹೊಸತರಲ್ಲಿ ನಮ್ಮೂರನ್ನು ಕಂಡು ಬೆರಗಾಗಿದ್ದರು. "ಈ ಕ್ಷಣದಲ್ಲಿ ಇರೋದು ಹೇಗೆ ಅಂತ ಕಲಿಯೋಕೆ ನಾನು ಮೂರು ವರ್ಷ ಓದಿದೆ. ಇಲ್ಲಿ ಎಮ್ಮೆ ಕರೆಯೋರೂ ಅದನ್ನೇ ಮಾಡ್ತಿದ್ದಾರೆ," ಅಂದಿದ್ದರು.

"ಮಾಡದೆ ಇದ್ರೆ ಹಾಲು ವಾಪಸ್ ಎಮ್ಮೆಗೇ ಹೋಗುತ್ತೆ ಡಾಕ್ಟರಮ್ಮ," ಅಂದಿದ್ದ ಗುರುಪಾದ.

ಆರು ತಿಂಗಳಾದ ಮೇಲೆ ಅವರ ಬೆರಗು ಇಳಿಯಿತು. ಸಂಜೆ ಜಗಲಿಗಳ ಮೇಲೆ ಜನ ನೊಗ ಇಳಿಸಿದ ಎತ್ತಿನ ಹಾಗೆ ಕೂತಿರುವುದನ್ನು ನೋಡಿದರು. ಬೀಸುವವರು, ಕುಟ್ಟುವವರು, ಯಾರೂ ಹಾಡುವುದಿಲ್ಲ ಅನ್ನುವುದನ್ನು ಕಂಡುಕೊಂಡರು. ಹಾಡಿದರೆ ಮನಸ್ಸು ಹಾಡಿನ ಹಿಂದೆ ಹೋಗುತ್ತದೆ, ಹಿಟ್ಟು ಕಾಳಾಗುತ್ತದೆ. ಮಗ್ಗಿ ಬರೆಯುತ್ತಾ ಕಿಟಕಿ ನೋಡಿದ ಮಕ್ಕಳ ಕಿವಿಯನ್ನು ತಾಯಂದಿರು ಹಿಂಡುವುದನ್ನು, ದೊಡ್ಡವರು ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡು ಮನಸ್ಸನ್ನು ಎಳೆದು ತರುವುದನ್ನು ನೋಡಿದರು. ಒಂದು ದಿನ ಚಾಪೆಯ ಮೇಲೆ ಕೂತವರಿಗೆ ಹೇಳಿದರು: "ನೀವು ಗಮನ ಕೊಡ್ತಿಲ್ಲ. ಕಾವಲು ಕಾಯ್ತಿದ್ದೀರಿ. ಅದಕ್ಕೇ ಇಷ್ಟು ದಣಿವು."

ಅವರು ಹೇಳಿಕೊಡುವುದು ಏನೂ ದೊಡ್ಡದಲ್ಲ. ಕೂರಬೇಕು, ಉಸಿರು ನೋಡಬೇಕು. ಮನಸ್ಸು ಹೋಗುತ್ತದೆ. ಹೋಯಿತು ಎಂದು ತಿಳಿಯಬೇಕು, ಎಲ್ಲಿಗೆ ಹೋಯಿತು ಎಂದು ನೋಡಬೇಕು, ಬೈಯದೆ ವಾಪಸು ಬರಬೇಕು. ಊರಿನವರು ಇದನ್ನು ಉಸಿರು ಕ್ಲಾಸು ಅನ್ನುತ್ತಿದ್ದರು. ಬೈಯದೆ ಅನ್ನುವ ಒಂದು ಮಾತೇ ನಮ್ಮವರಿಗೆ ಕಷ್ಟವಾಗಿದ್ದು.

ಲೋಟ ಮೂರು ಸಲ ತೊಳೆದ ಆ ದಿನ ಎಲ್ಲರೂ ಹೋದಮೇಲೆ ಚಾಪೆ ಸುತ್ತುತ್ತಿದ್ದೆ. ಡಾಕ್ಟರಮ್ಮ ಮೇಜಿನ ಮೇಲೆ ತಮ್ಮ ದಪ್ಪ ಪುಸ್ತಕ ತೆರೆದು ಸುಮ್ಮನೆ ಕೂತಿದ್ದರು. ಬಂದವರ ಬಗ್ಗೆ ಬರೆದಿಡುವ ಪುಸ್ತಕ ಅದು. ಹಿಂದಿನ ವಾರದ ನಾಲ್ಕು ಹಾಳೆ ಬಿಳಿಯಾಗಿದ್ದವು.

"ಇದೂ ಹೋಯ್ತು ನೋಡಿ," ಅಂದರು.

"ನೀವೂ ಎಲ್ಲೋ ಹೋಗಿದ್ರಿ."

"ನಮ್ಮಮ್ಮಿ ಹತ್ರ. ಅವರಿಗೆ ಮರೆವು ಶುರುವಾಗಿದೆ. ಫೋನಲ್ಲಿ ಎಲ್ಲರ ಹೆಸರೂ ಹೇಳ್ತಾರೆ, ನನ್ನದೊಂದು ಬಿಟ್ಟು." ಪುಸ್ತಕ ಮುಚ್ಚಿದರು. "ನಿಮ್ಮದು ಎಲ್ಲಿಗೆ ಹೋಗ್ತಿದೆ, ಹೊಂಬಾಳಮ್ಮನೋರೆ? ಹತ್ತು ದಿನದಿಂದ ನಾನೂ ಬಿಸಿನೀರೇ ಕುಡೀತಿದ್ದೀನಿ."

ಸುತ್ತಿದ ಚಾಪೆಯ ಮೇಲೆ ಕೂತು ಹೇಳಿದೆ. ಬೆಳಗಿನ ಗಂಟು, ಮಧ್ಯಾಹ್ನದ ಗಂಟು, ಜಗಲಿಯ ಮೇಲಿನ ಎರಡು ಪ್ರಶ್ನೆ. ಮೂವತ್ತನಾಲ್ಕು ವರ್ಷದಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಿಮ್ಮ ತಪ್ಪಲ್ಲ ಬಿಡಿ ಅನ್ನುತ್ತಾರೇನೋ ಎಂದು ಹೆದರಿದ್ದೆ. ಹಾಗೆ ಅಂದಿದ್ದರೆ ಎದ್ದು ಹೋಗುತ್ತಿದ್ದೆ. ಅವರು ಅನ್ನಲಿಲ್ಲ.

"ತಂಗಿಗೆ ಹೇಳಲೇಬೇಕು ಅಲ್ವಾ?"

"ಹೇಳ್ಬೇಕು. ಇಪ್ಪತ್ತು ದಿನ ಇದೆ. ಅಷ್ಟರಲ್ಲಿ ಅವಳು ಹೋಗಿ ಆ ಹುಡುಗಿ ಪಕ್ಕ ಕೂರ್ಬೇಕು."

"ನೀವು ಹೇಳಿ, ನಾನು ಬರೆದುಕೊಡ್ಲಾ?"

"ನೀವು ಬರೆದ್ರೆ ಅಕ್ಷರ ನಿಂತ್ಕೊಳ್ಳುತ್ತೆ ಡಾಕ್ಟರಮ್ಮ. ನಾನು ನಿಂತಂಗೆ ಆಗಲ್ಲ."

"ಹಾಗಾದ್ರೆ ಬರೀಬೇಡಿ. ಕೆಲವು ದಿನ ಕಾಗದ ಮುಟ್ಟಲೇಬೇಡಿ. ಮಧ್ಯಾಹ್ನ ಬಂದು ನನ್ನೆದುರು ಕೂತು, ಆ ಸಾಲನ್ನ ಬರೀ ಮನಸ್ಸಲ್ಲಿ ಹಿಡ್ಕೊಳಿ. ಅದು ಜಾರಿ ಎಲ್ಲಿಗೆ ಓಡುತ್ತೆ ಅಂತ ನೋಡೋಣ. ಹಿಡಿಯೋದು ಬೇಡ. ನೋಡೋದು."

"ಎಲ್ಲಿಗೆ ಅಂತ ಗೊತ್ತಲ್ಲ. ಮಗು ಬಿದ್ದಿದ್ದಕ್ಕೆ."

"ಗೊತ್ತಿದ್ರೆ ಒಳ್ಳೇದಾಯ್ತು. ಆದ್ರೂ ನೋಡೋಣ."

ಮೊದಲ ಮೂರು ದಿನ ನನಗೆ ಬಂದದ್ದು ನಿದ್ದೆ. ಕಣ್ಣು ಮುಚ್ಚಿದರೆ ಸಾಕು, ಮೂವತ್ತನಾಲ್ಕು ವರ್ಷದ ಕಾವಲಿನವಳು ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದಳು.

"ನಿದ್ದೆ ಬಂದ್ರೆ, ನಿದ್ದೆ ಬಂತು ಅಂತ ತಿಳ್ಕೊಳಿ," ಅಂದರು ಡಾಕ್ಟರಮ್ಮ.

"ತಿಳ್ಕೊಳ್ಳೋಕೆ ಎಚ್ಚರ ಇರ್ಬೇಕಲ್ಲ."

ಅವರು ನಕ್ಕರು. ಆಮೇಲೆ ನನ್ನನ್ನು ಗೋಡೆಗೆ ಒರಗದೆ ಕೂರಿಸಿದರು. ನಾಲ್ಕನೆಯ ದಿನ ಹೊಟ್ಟೆಯಲ್ಲಿ ಕಲ್ಲಿಟ್ಟ ಹಾಗಿತ್ತು; ಅದನ್ನೇ ಹೇಳಿದೆ. ಕಲ್ಲು ಎಷ್ಟು ದೊಡ್ಡದು, ಬಿಸಿಯೋ ತಣ್ಣಗೋ, ಅಲುಗಾಡುತ್ತದೋ ಎಂದು ಕೇಳಿದರು. ಹುಚ್ಚು ಪ್ರಶ್ನೆ ಅನ್ನಿಸಿತು. ಆದರೂ ನೋಡಿದೆ. ಒನಕೆಯ ತುದಿಯಷ್ಟು ದಪ್ಪ, ತಣ್ಣಗೆ. ನೋಡುತ್ತಾ ಇದ್ದರೆ ಸ್ವಲ್ಪ ಸ್ವಲ್ಪ ಜರುಗುತ್ತಿತ್ತು.

ಐದನೆಯ ದಿನ ಸಾಲನ್ನು ಮನಸ್ಸಲ್ಲಿ ಹಿಡಿದು ಕೂತೆ. ಗಂಟು ಹಾಕಿದವಳು ನಾನು. ಅದು ಎಂದಿನಂತೆ ಜಾರಿತು. ಕೆನ್ನೆಗೆ ಹೊಡೆದುಕೊಳ್ಳಲು ಎದ್ದ ಕೈಯನ್ನು ಮತ್ತೆ ತೊಡೆಯ ಮೇಲೆ ಇಟ್ಟೆ.

"ಎಲ್ಲಿದ್ದೀರಿ?" ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

"ಹಗ್ಗ ಕೈಯಲ್ಲಿದೆ. ಒರಟು."

"ಹ್ಞೂಂ."

"ತೊಟ್ಟಿಲ ಪಕ್ಕದ ಗೋಡೆ. ಗೋಡೇಲಿ ಗೂಡು. ಗೂಡಲ್ಲಿ ಟೀಪುಡಿ ಪೊಟ್ಟಣದ ಕಾಗದ." ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. "ಕೆಂಪು ಅಕ್ಷರ. ತಂಪಾದ, ಒಣ ಜಾಗದಲ್ಲಿ ಇಡಿ."

"ಅಂದ್ರೆ?"

"ಓದ್ತಾ ಇದೀನಿ. ಕೈ ಗಂಟು ಹಾಕ್ತಾ ಇದೆ, ನಾನು ಓದ್ತಾ ಇದೀನಿ. ಯಾರೂ ಹೇಳಿಕೊಟ್ಟಿಲ್ಲ. ಮೇಷ್ಟ್ರು ಇಲ್ಲ. ನಾನೊಬ್ಬಳೇ ಒಂದಿಡೀ ಸಾಲು ಓದಿದೆ."

"ಎದೇಲಿ ಏನಾಗ್ತಿದೆ?"

"ಬೆಚ್ಚಗಿದೆ."

"ಅಲ್ಲೇ ಇರಿ."

"ನಗು ಬರ್ತಿದೆ ಡಾಕ್ಟರಮ್ಮ."

"ಬರಲಿ."

ನಕ್ಕೆ. ಒಂದು ಬದಿ ಹಲ್ಲಿಲ್ಲದ ಮುದುಕಿ, ಗುಟ್ಟಿನಲ್ಲಿ ಬೆಲ್ಲ ತಿಂದ ಹುಡುಗಿಯ ಹಾಗೆ ನಕ್ಕೆ. ಮೂವತ್ತಾರು ವರ್ಷದವರೆಗೆ ಗೋಡೆಯ ಮೇಲೆ, ಬಸ್ಸಿನ ಹಣೆಯ ಮೇಲೆ, ಪೊಟ್ಟಣದ ಮೇಲೆ ಇದ್ದದ್ದು ಬರೀ ಗೀರು. ಆ ಮಧ್ಯಾಹ್ನ ಆ ಗೀರು ನನ್ನೊಡನೆ ಮಾತಾಡಿತ್ತು. ಅಷ್ಟು ಸಂತೋಷ ಅದಕ್ಕೆ ಮುಂಚೆ ನನಗೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಅದು ನೆನಪಾಯಿತು. ಅದರ ಹಿಂದೆಯೇ ಕೈಯೊಳಗಿನ ಹಗ್ಗವೂ ನೆನಪಾಯಿತು. ಬಾಯಿ ಮುಚ್ಚಿಕೊಂಡೆ.

"ಏನ್ ಮಾಡಿಸಿಬಿಟ್ರಿ ನನ್ನ ಕೈಲಿ?" ಅಂದೆ. "ಆ ಕಂದನ ಗಂಟಿನ ಮುಂದೆ ಕೂತು ನಗೋ ಹಾಗೆ ಮಾಡಿದ್ರಲ್ಲ. ಇದಕ್ಕಾ ನೀವು ಮೂರು ವರ್ಷ ಓದಿದ್ದು?"

ಡಾಕ್ಟರಮ್ಮನ ಮುಖ ಸಣ್ಣದಾಯಿತು. "ಹೊಂಬಾಳಮ್ಮನೋರೆ, ಕೂತ್ಕೊಳಿ. ಇಲ್ಲಿಗೇ ಬಿಟ್ಟು ಹೋಗ್ಬೇಡಿ," ಅಂದರು. ನಾನು ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ.

ನಾಲ್ಕು ದಿನ ಮನೆ ಬಿಟ್ಟು ಹೊರಗೆ ಬರಲಿಲ್ಲ. ಒಲೆ ಹಚ್ಚಿದರೆ ಆರುತ್ತಿತ್ತು. ಗುಡಿಸಿದ ಕಸ ಮೂಲೆಯಿಂದ ಮತ್ತೆ ನಡುಮನೆಗೆ ಹರಡಿಕೊಳ್ಳುತ್ತಿತ್ತು. ಅವಲಕ್ಕಿಯನ್ನು ನೀರಲ್ಲಿ ನೆನೆಸಿ ತಿಂದೆ. ಅದೂ ಹೊಟ್ಟೆಗೆ ಹೋದಮೇಲೆ ಒಣಗಿತೋ ಏನೋ, ಹಸಿವು ತೀರಲಿಲ್ಲ. ಮಗು ಸತ್ತದ್ದು ನನ್ನ ದುಃಖದಿಂದಲೋ, ದಣಿವಿನಿಂದಲೋ ಆಗಿದ್ದರೆ ಹೇಳಬಹುದಿತ್ತು. ಗಂಡ ಸತ್ತವಳು, ಮನಸ್ಸು ನೆಟ್ಟಗಿರಲಿಲ್ಲ ಅಂದಿದ್ದರೆ ದುಂಡಿಯಾದರೂ ಅಯ್ಯೋ ಅನ್ನುತ್ತಿದ್ದಳು. ಇಷ್ಟು ವರ್ಷ ಬರೆದ ಹದಿನೇಳು ಕಾಗದಗಳಲ್ಲೂ ನಾನು ಬರೆದಿದ್ದು ಅದನ್ನೇ: ಏನೋ ಚಿಂತೆಯಲ್ಲಿದ್ದೆ ದುಂಡಿ. ಚಿಂತೆ ಇರಲಿಲ್ಲ. ಚಿಂತೆ ಇಲ್ಲದ ಒಂದೇ ಮಧ್ಯಾಹ್ನ ಅದು.

ನಾಲ್ಕನೆಯ ದಿನ ಗುರುಪಾದ ಬಂದು ಬಾಗಿಲಲ್ಲಿ ನಿಂತ.

"ಅಕ್ಕ, ಬಂದುಬಿಡು. ಡಾಕ್ಟರಮ್ಮನೇ ಟೀ ಕಾಯಿಸ್ತಾ ಇದಾರೆ. ನಿನ್ನ ಬಿಸಿನೀರೇ ಚೆನ್ನಾಗಿತ್ತು."

"ನಾನು ಬರಲ್ಲ."

"ಜಗಳ ಆಡ್ಕೊಂಡ್ರಾ?"

"ನಿಂಗ್ಯಾಕೆ?"

ಅವನು ಹೊಸ್ತಿಲ ಮೇಲೆ ಕೂತ. ಸ್ವಲ್ಪ ಹೊತ್ತು ತನ್ನ ಬೆರಳ ತುದಿಯ ಸೂಜಿಗಾಯಗಳನ್ನು ನೋಡಿಕೊಂಡ. "ನಿನ್ನೆ ಮನೇಗೆ ಹೋದೆ ಅಕ್ಕ. ಗೂಟದ ಮೇಲೆ ಅವಳ ಸೀರೆ ಇತ್ತಲ್ಲ, ತೆಗೆದು ಮಡಿಸೋಣ, ಒಂದ್ಸಲ ಅತ್ತುಬಿಡೋಣ ಅಂತ ಕೂತೆ. ನಗು ಬಂತು. ಆ ಸೀರೆಗೆ ಅವಳು ನನ್ನ ಜೊತೆ ಎಂಟು ದಿನ ಮಾತು ಬಿಟ್ಟಿದ್ಲು. ಮಾತು ಬಿಟ್ಟೋಳು ರಾತ್ರಿ ನಿದ್ದೇಲಿ ಪೂರಾ ಜಗಳ ಆಡೋಳು." ತಲೆಯೆತ್ತಿದ. "ಸತ್ತೋಳ ಸೀರೆ ಹಿಡ್ಕೊಂಡು ನಕ್ಕುಬಿಟ್ಟೆ. ತಪ್ಪೇನಕ್ಕ?"

"ಗೊತ್ತಿಲ್ಲ ಗುರುಪಾದ."

"ನಂಗೂ ಗೊತ್ತಿಲ್ಲ. ಆಮೇಲೆ ಅಳೂನೂ ಬಂತು ಬಿಡು. ಸೀರೆ ಮಡಿಸಿದ್ದು ಮಾತ್ರ ಬಿಚ್ಚಿಕೊಂಡಿಲ್ಲ, ಇವತ್ತು ಬೆಳಿಗ್ಗೆ ನೋಡ್ದೆ."

ಅವನು ಹೋದಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದೆ. ಹನ್ನೊಂದು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಹೋಗಿ ಕಸ ಗುಡಿಸಿದೆ. ಡಾಕ್ಟರಮ್ಮ ಬಂದು, ನನ್ನನ್ನು ನೋಡಿ, ಪೊರಕೆ ನೋಡಿ, ಮೇಜಿನ ಮುಂದೆ ಕೂತರು. ಟೀ ಕೊಟ್ಟೆ. ಕುಡಿದು, "ಟೀ," ಅಂದರು. ಆಮೇಲೆ, "ಅವತ್ತು ಆತುರ ಮಾಡಿದೆನೇನೋ. ನಿಮಗಿಂತ ಮುಂದೆ ಹೋಗಿಬಿಟ್ಟೆ," ಅಂದರು.

"ಇಲ್ಲ. ಅಲ್ಲಿಗೆ ಹೋಗ್ಲೇಬೇಕಿತ್ತು. ಒಂದು ಹಾಳೆ ಕೊಡಿ."

ಮಧ್ಯಾಹ್ನ ಅವರ ಮೇಜಿನ ಮುಂದೆ ಕೂತೆ. ಒಂದು ಪುಟ ಬರೆಯಲು ಮೂರು ಗಂಟೆ ಹಿಡಿಯಿತು. ಮನಸ್ಸು 'ಹೋಗೋದಿಲ್ಲ' ಎಂದು ಮಾತು ಕೊಟ್ಟಿರಲಿಲ್ಲ, ಹೋಯಿತು. ಬೀದಿಯಲ್ಲಿ ಯಾರೋ ಪಾತ್ರೆಗೆ ಕಲಾಯಿ ಹಾಕಲು ಕೂಗಿದ ಕಡೆಗೆ ಹೋಯಿತು. ಕಾಣದ ಮಧುಮತಿಯ ಹೊಟ್ಟೆಯ ಕಡೆಗೆ ಹೋಯಿತು. ಜಗಲಿಯ ಮೇಲಿನ ಅತ್ತೆಯ ಮುಖದ ಹತ್ತಿರ ಹೋಗಿ ಬಹಳ ಹೊತ್ತು ನಿಂತಿತು. ಪ್ರತಿ ಸಲವೂ ಪೆನ್ನು ಎತ್ತಿ ಹಿಡಿದು ಕಾದೆ. ಬೈಯಲಿಲ್ಲ. ಅದು ಬಂದಮೇಲೆ ಮುಂದಿನ ಮಾತು ಬರೆದೆ. ಡಾಕ್ಟರಮ್ಮ ಇನ್ನೊಂದು ಕೋಣೆಯಲ್ಲಿದ್ದರು. ಯಾರಾದರೂ ಪಕ್ಕದಲ್ಲಿ ನಿಂತು ಕೇಳುವುದು ಬೇಡ ಎಂದು ನಾನೇ ಹೇಳಿದ್ದೆ.

ಬರೆದದ್ದು ಇಷ್ಟು:

"ದುಂಡಿ, ಆ ದಿನ ಮಧ್ಯಾಹ್ನ ನೀನು ನಿದ್ದೆಯಲ್ಲಿದ್ದಾಗ ತೊಟ್ಟಿಲ ಬಟ್ಟೆ ಒದ್ದೆಯಾಗಿತ್ತು. ನಾನು ಬದಲಾಯಿಸಿದೆ. ಬೆಳಿಗ್ಗೆ ನೀನು ಹಾಕಿದ್ದ ಗಂಟು ಎಷ್ಟು ಬಿಗಿಯಾಗಿತ್ತು ಅಂದರೆ ಬಿಚ್ಚುವಾಗ ನನ್ನ ಹೆಬ್ಬೆರಳ ಉಗುರು ಮುರಿಯಿತು. ಮತ್ತೆ ಗಂಟು ಹಾಕಿದವಳು ನಾನು. ಹಾಕುವಾಗ ಗೂಡಿನಲ್ಲಿದ್ದ ಟೀಪುಡಿಯ ಕಾಗದ ಓದುತ್ತಿದ್ದೆ. ಯಾರ ಸಹಾಯವೂ ಇಲ್ಲದೆ ನಾನು ಓದಿದ ಮೊದಲ ಸಾಲು ಅದು. ಆಗ ನನಗೆ ಬಹಳ ಸಂತೋಷವಾಗಿತ್ತು. ಬಿಚ್ಚಿಕೊಂಡಿದ್ದು ನನ್ನ ಗಂಟು, ನಿನ್ನದಲ್ಲ. ನಿನ್ನ ಅತ್ತೆ ಕೇಳಿದಾಗ ನಾನು ಬೆಳಗಿನದನ್ನು ಮಾತ್ರ ಹೇಳಿದೆ. ನಿನ್ನ ಕೈಯಲ್ಲಿ ಏನೂ ದೋಷವಿಲ್ಲ. ಮಧುಮತಿಗೆ ಇಪ್ಪತ್ತಕ್ಕೆ ದಿನ ಇದೆ. ಹೋಗು. ನನ್ನನ್ನು ಕ್ಷಮಿಸು. ನಿನ್ನ ಅಕ್ಕ, ಹೊಂಬಾಳಮ್ಮ."

ಕಾಗದವನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು, ಮೇಲೆ ಒಂದು ಲೋಟ ಇಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಾಗಿಲು ತಳ್ಳಿ ಒಳಗೆ ಹೋದಾಗ ಡಾಕ್ಟರಮ್ಮ ನನಗಿಂತ ಮುಂಚೆ ಬಂದು ಮೇಜಿನಿಂದ ದೂರ ನಿಂತಿದ್ದರು. ನೋಡಿರಲಿಲ್ಲ.

"ನೀವೇ ನೋಡಿ," ಅಂದರು.

ಲೋಟ ಎತ್ತಿದೆ. ದುಂಡಿ ಅನ್ನುವ ಹೆಸರಿತ್ತು. ಒದ್ದೆ ಬಟ್ಟೆ ಇತ್ತು, ಮುರಿದ ಉಗುರು ಇತ್ತು. ಗಂಟು ಹಾಕಿದವಳು ನಾನು ಅನ್ನುವುದು ಇತ್ತು. ಬೆರಳಲ್ಲಿ ಒರೆಸಿ ನೋಡಿದೆ, ಇತ್ತು. ಸಂತೋಷವಾಗಿತ್ತು ಅನ್ನುವುದು ಎಲ್ಲಕ್ಕಿಂತ ಕಪ್ಪಾಗಿ ಇತ್ತು. ಹೋಗು ಅನ್ನುವುದೂ ಇತ್ತು. ಅದರ ಮುಂದೆ ಎರಡು ಪದದಷ್ಟು ಜಾಗ ಬಿಳಿಯಾಗಿತ್ತು. ಆಮೇಲೆ ನನ್ನ ಹೆಸರು.

ಡಾಕ್ಟರಮ್ಮ ಹತ್ತಿರ ಬಂದು ಭುಜದ ಮೇಲಿಂದ ನೋಡಿದರು. "ಕ್ಷಮಿಸು ಅಂತ ಇತ್ತಾ ಅಲ್ಲಿ?"

"ಹ್ಞೂಂ."

"ಮತ್ತೆ ಬರೀತೀರಾ?"

ಪೆನ್ನು ಕೈಗೆ ತೆಗೆದುಕೊಂಡೆ. ಆ ಬಿಳಿ ಜಾಗದ ಮೇಲೆ ಇಟ್ಟೆ. ಒಳಗೆ ನೋಡಿಕೊಂಡೆ. ಕಾಗದದ ಕೊನೆಗೆ ಹಾಗೆ ಬರೆಯಬೇಕು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು, ಕೈ ಬರೆದಿತ್ತು. ಅದರಲ್ಲಿ ನಾನಿರಲಿಲ್ಲ. ಈಗಲೂ ಇರಲಿಲ್ಲ.

"ಬೇಡ ಡಾಕ್ಟರಮ್ಮ. ಅದನ್ನ ನಿಜವಾಗಿ ಕೇಳೋಕೆ ಇನ್ನೂ ನನ್ನಿಂದ ಆಗಿಲ್ಲ. ಆಗ್ಲಿ ಅಂತ ಕಾಯ್ತಾ ಕೂತ್ರೆ ಮಗು ಹುಟ್ಟಿಬಿಡುತ್ತೆ."

ಕಾಗದ ಮಡಿಸಿ ಲಕೋಟೆಯೊಳಗೆ ಹಾಕಿ ಅಂಟಿಸಿದೆ. ವಿಳಾಸ ಬರೆದೆ. ಲೋಟಗಳನ್ನು ಆಮೇಲೆ ತೊಳೆಯುತ್ತೇನೆ ಎಂದು ಹೇಳಿ ಹೊರಟೆ. ಪೇಟೆ ಬೀದಿಯಿಂದ ಅಂಚೆ ಕಚೇರಿಗೆ ಬಹಳ ದೂರವೇನಿಲ್ಲ, ಆದರೆ ನನ್ನ ಮಂಡಿಗೆ ದೂರವೇ. ಎರಡು ಕಡೆ ಕೂತು ಎದ್ದೆ. ಹೊಟ್ಟೆಯ ಕಲ್ಲು ಅಲ್ಲೇ ಇತ್ತು. ಹಗುರವಾಯಿತು ಅಂದರೆ ಸುಳ್ಳಾಗುತ್ತದೆ.

ಅಂಚೆಯ ಸಿದ್ಧಲಿಂಗಪ್ಪ ಕಿಂಡಿಯೊಳಗಿಂದ ಕೈ ಚಾಚಿ ಲಕೋಟೆ ತೆಗೆದುಕೊಂಡು ವಿಳಾಸ ಓದಿದ.

"ದುಂಡಮ್ಮನಿಗಾ? ಬಹಳ ದಿನ ಆಯ್ತಲ್ಲಮ್ಮ, ಅಲ್ಲಿಗೆ ನೀನು ಬರೆದು."

"ಬಹಳ ದಿನ ಆಯ್ತು. ಇಪ್ಪತ್ತನೇ ತಾರೀಕಿನೊಳಗೆ ಹೋಗುತ್ತಾ?"

"ಹನ್ನೊಂದರ ಬಸ್ಸಿಗೆ ಹಾಕ್ತೀನಿ. ನಾಲ್ಕು ದಿನ, ಹೆಚ್ಚಂದ್ರೆ ಐದು. ಆರಾಮಾಗಿ ಹೋಗುತ್ತೆ."

ಅವನು ಮುದ್ರೆ ಒತ್ತಿ ಲಕೋಟೆಯನ್ನು ಹಿಂದಿನ ರಾಶಿಯ ಮೇಲೆ ಎಸೆದ. ಅದು ಬೇರೆಯವರ ಕಾಗದಗಳ ನಡುವೆ ಮಗುಚಿ ಬಿತ್ತು. ವಿಳಾಸ ಕಾಣಲಿಲ್ಲ. ಯಾವುದು ನನ್ನದು ಎಂದು ಒಂದು ಗಳಿಗೆ ಗೊತ್ತಾಯಿತು. ಅವನು ಇನ್ನೊಂದಿಷ್ಟು ಕಾಗದ ಮೇಲೆ ಹಾಕಿದ ಮೇಲೆ ಗೊತ್ತಾಗಲಿಲ್ಲ. ನಾನು ಕಿಂಡಿಯ ಮುಂದೆ ಹಾಗೇ ನಿಂತಿದ್ದೆ. ಹಿಂದೆ ಇಬ್ಬರು ಕಾಯುತ್ತಿದ್ದರು.

"ಇನ್ನೇನಾದ್ರೂ ಇದೆಯಾ ಅಮ್ಮ?" ಎಂದು ಸಿದ್ಧಲಿಂಗಪ್ಪ ಕೇಳಿದ.

"ಇಲ್ಲಪ್ಪ," ಅಂದೆ. "ಅಷ್ಟೇ."